ನೀಲಗಿರಿಯಲ್ಲಿ ಮಡಿದ ಸಂಖ್ಯಾಶಾಸ್ತ್ರಜ್ಞ ವಾಲ್ಡ್

1950ರ ಡಿಸೆಂಬರ್ 13ರಂದು ಕರ್ನಾಟಕದ ಗಡಿಗೆ ಹೊಂದಿಕೊಂಡ ನೀಲಗಿರಿ ಬೆಟ್ಟಗಳಲ್ಲಿ ವಿಮಾನವೊಂದು ಅಪಘಾತಕ್ಕೀಡಾಯಿತು. ಮಡಿದವರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಬ್ರಹಾಂ ವಾಲ್ಡ್ ಮತ್ತು ಅವರ ಪತ್ನಿಯೂ ಇದ್ದರು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಉಪನ್ಯಾಸ ಪ್ರವಾಸದಲ್ಲಿದ್ದ ವಾಲ್ಡ್‌ಗೆ ಆಗ 48 ವರ್ಷ. ಇಂದು ಔಷಧಗಳ ಪ್ರಯೋಗ ರೂಪಿಸುವವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ವ್ಯಕ್ತಿಗೆ ಋಣಿಗಳು.

ವಾಲ್ಡ್ ಜನಿಸಿದ್ದು 1902ರಲ್ಲಿ, ಈಗ ರುಮೇನಿಯಾದಲ್ಲಿರುವ ಕ್ಲೂಜ್ ನಗರದ ಸಂಪ್ರದಾಯಸ್ಥ ಯಹೂದಿ ಕುಟುಂಬದಲ್ಲಿ. ಶನಿವಾರ ತರಗತಿಗೆ ಹೋಗುವುದು ಧರ್ಮಕ್ಕೆ ಒಗ್ಗದ ಕಾರಣ ಮನೆಯಲ್ಲೇ ಕಲಿತರು. 1931ರಲ್ಲಿ ವಿಯೆನ್ನಾದಲ್ಲಿ ಗಣಿತದ ಡಾಕ್ಟರೇಟ್ ಪಡೆದರು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ ಅಮೆರಿಕಕ್ಕೆ ತೆರಳಿದರು. ಊರಿನಲ್ಲಿ ಉಳಿದ ಕುಟುಂಬದ ಬಹುತೇಕರು ನಾಜಿ ಹತ್ಯಾಕಾಂಡಕ್ಕೆ ಬಲಿಯಾದರು.

ಹೊಸ ಔಷಧ ಪರೀಕ್ಷಿಸುವ ವೈದ್ಯನ ಮೊದಲ ಪ್ರಶ್ನೆ, ಎಷ್ಟು ರೋಗಿಗಳು ಬೇಕು ಎಂಬುದು. ಕಡಿಮೆಯಾದರೆ ನಿಜವಾಗಿ ಗುಣಕಾರಿಯಾದ ಔಷಧವೂ ಕಣ್ತಪ್ಪೀತು. ಇರುವ ಗುಣವನ್ನು ಪತ್ತೆಹಚ್ಚುವ ಸಂಭವನೀಯತೆಯೇ ಪರೀಕ್ಷೆಯ ಸಾಮರ್ಥ್ಯ. ಹೆಚ್ಚಾದರೆ, ಉತ್ತರ ಸ್ಪಷ್ಟವಾದ ಮೇಲೂ ಕೆಲವರು ಕಳಪೆ ಚಿಕಿತ್ಸೆಯಲ್ಲೇ ಉಳಿಯುತ್ತಾರೆ. ಕೊಂಡಜ್ಜಿಯಂಥ ಊರಿನಿಂದ ದಾವಣಗೆರೆಯ ಆಸ್ಪತ್ರೆಗೆ ಬಂದು ಪ್ರಯೋಗಕ್ಕೆ ಸಹಿ ಹಾಕುವ ರೋಗಿಗೆ ಇದು ಸಣ್ಣ ಮಾತಲ್ಲ.

1943ರಲ್ಲಿ ವಾಲ್ಡ್ ಮುಂದೆ ಬಂದದ್ದು ರೋಗಿಗಳ ಪ್ರಶ್ನೆಯಲ್ಲ, ಯುದ್ಧಸಾಮಗ್ರಿಯ ಪರೀಕ್ಷೆಯದು. ಮಾದರಿಗಳ ಸಂಖ್ಯೆಯನ್ನು ಮೊದಲೇ ನಿಗದಿಪಡಿಸದೆ, ಪ್ರತಿ ಫಲಿತಾಂಶದ ನಂತರವೂ ಸಾಕ್ಷ್ಯವನ್ನು ತೂಗಿ, ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ನಿರ್ಧರಿಸುವ ಅನುಕ್ರಮ ಪರೀಕ್ಷೆಯನ್ನು ಅವರು ರೂಪಿಸಿದರು. ಸಾಮರ್ಥ್ಯ ಕುಂದದೆಯೇ ಸರಾಸರಿ ಅರ್ಧದಷ್ಟು ಮಾದರಿಗಳು ಉಳಿಯುತ್ತಿದ್ದವು. ನಿಲ್ಲುವ ಗಡಿಗಳನ್ನು ಮಾತ್ರ ಮೊದಲೇ ಹಾಕಿಡಬೇಕು. ಮನಬಂದಂತೆ ಇಣುಕಿ ನೋಡಿ ನಿಲ್ಲಿಸಿದರೆ ನಿರುಪಯುಕ್ತ ಔಷಧವೂ ಗೆದ್ದುಬಿಡುತ್ತದೆ. ಯುದ್ಧಕಾಲದ ಈ ರಹಸ್ಯ 1947ರಲ್ಲಿ ಪುಸ್ತಕವಾಯಿತು.

ಮರುವರ್ಷ ವೂಲ್ಫೊವಿಟ್ಸ್ ಜತೆಗೂಡಿ, ಅಷ್ಟೇ ನಿಖರತೆಯ ಯಾವ ಪರೀಕ್ಷೆಯೂ ಇದಕ್ಕಿಂತ ಕಡಿಮೆ ಸರಾಸರಿ ಮಾದರಿಗಳಲ್ಲಿ ಮುಗಿಯದೆಂದು ಸಾಧಿಸಿದರು. ಸ್ವಾರಸ್ಯವೆಂದರೆ, ಆ ಸಾಧನೆಗೆ ನೆರವಾದದ್ದು 18ನೇ ಶತಮಾನದ ಪಾದ್ರಿ ಥಾಮಸ್ ಬೇಯ್ಸ್ ಹೆಸರಿನ ಮಾರ್ಗ: ಪೂರ್ವಾಭಿಪ್ರಾಯಕ್ಕೆ ಒಂದು ತೂಕ ಕೊಟ್ಟು, ಸಾಕ್ಷ್ಯ ಬಂದಂತೆ ಅದನ್ನು ತಿದ್ದುವುದು. ವಾಲ್ಡ್ ಪಾಲಿಗೆ ಅದು ಗಣಿತದ ಊರುಗೋಲು ಮಾತ್ರ.

ಅನುಕ್ರಮ ವಿಧಾನವನ್ನು ವೈದ್ಯಕೀಯಕ್ಕೆ ಒಗ್ಗಿಸಿದವರಲ್ಲಿ ಬ್ರಿಟನ್ನಿನ ಪೀಟರ್ ಆರ್ಮಿಟೇಜ್ ಪ್ರಮುಖರು. ಅವರ ಗ್ರಂಥ 1960ರಲ್ಲಿ ಹೊರಬಂತು. 2020ರಲ್ಲಿ ಸುಮಾರು 43 ಸಾವಿರ ಮಂದಿಯ ಮೇಲೆ ನಡೆದ ಫೈಜರ್ ಕೋವಿಡ್ ಲಸಿಕೆಯ ಪ್ರಯೋಗದಲ್ಲಿ, ಮೊದಲೇ ಹಾಕಿದ ಗಡಿಗಳೊಂದಿಗೆ ಬೇಯ್ಸ್ ಮಾರ್ಗದ ಮಧ್ಯಂತರ ಪರಿಶೀಲನೆಯನ್ನೇ ಯೋಜಿಸಲಾಗಿತ್ತು.