ಬೇಟೆ ನಿಂತಿತು, ಬಯಲು ಉಳಿಯಲಿಲ್ಲ

1896ರಲ್ಲಿ ಮುಂಬೈಯಲ್ಲಿ ಜನಿಸಿದ ಸಲೀಂ ಅಲಿಯವರು ಬಾಲ್ಯದಲ್ಲಿ ತಾವೇ ಹೊಡೆದುರುಳಿಸಿದ ಗುಬ್ಬಿಯೊಂದರ ಗುರುತು ಕೇಳಹೋಗಿ ಪಕ್ಷಿಶಾಸ್ತ್ರದತ್ತ ಹೊರಳಿದರು. ಮೈಸೂರು ಸಂಸ್ಥಾನದ ಹಕ್ಕಿಗಳನ್ನೂ ಸಮೀಕ್ಷಿಸಿದರು. ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ರಾಷ್ಟ್ರಪಕ್ಷಿಯಾಗಬೇಕೆಂಬುದು ಅವರ ಆಶಯವಾಗಿತ್ತು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಎರೆಭೂತದ ಬೇಟೆಯನ್ನು ಅಪರಾಧವಾಗಿಸಿತು. 1987ರಲ್ಲಿ ಅವರು ನಿಧನರಾದರು. ಇಂದು ನಿಸರ್ಗದಲ್ಲಿ ಉಳಿದಿರುವ ಎರೆಭೂತಗಳು 150ರ ಆಸುಪಾಸು ಮಾತ್ರ. ಕಾಯ್ದೆ ಕೋವಿಯನ್ನು ತಡೆಯಿತು. ಹುಲ್ಲುಗಾವಲನ್ನು ನುಂಗಿದ ನೇಗಿಲನ್ನಾಗಲಿ, ಹಾರುವಾಗ ಬಡಿಯುವ ವಿದ್ಯುತ್ ತಂತಿಯನ್ನಾಗಲಿ ತಡೆಯಲಿಲ್ಲ.

ಇಂತಹ ಬಯಲುಗಳನ್ನು ಕಂದಾಯ ಕಡತಗಳಲ್ಲಿ ಖರಾಬು ಎಂದು ನಮೂದಿಸಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಸಲೀಂ ಅಲಿಯವರು ಹಕ್ಕಿಯ ಮನೆ ಕಂಡಲ್ಲಿ ನಾವು ಪಾಳುನೆಲ ಕಂಡೆವು. ಆ ವರ್ಗೀಕರಣ ಬದಲಾಗದ ಹೊರತು ಕಾಯ್ದೆ ಫಲಿಸದು.