ಗವಾನನ ಮುದ್ರೆ, ಅಮೆರಿಕದ ಭರವಸೆ

ಬೀದರಿನ ಕೊಳಾರದಲ್ಲಿ ನಿವೃತ್ತ ಜೀವನ ಕಳೆಯುತ್ತಿರುವ ನನಗೆ ಭಾನುವಾರದ ಬೆಳಗು ಎಂದರೆ ಅಮೆರಿಕದಿಂದ ಬರುವ ಮಗನ ದೂರವಾಣಿ ಕರೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಹೊಸ ಎಚ್‌-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ ತರುವಾಯ ಆ ಕರೆಯ ಧಾಟಿಯೇ ಬದಲಾಯಿತು. ಅವನ ವೀಸಾ ಹಳೆಯದು, ಶುಲ್ಕ ಅವನಿಗೆ ತಟ್ಟುವಂಥದ್ದಲ್ಲ. ಆದರೆ ಹದಿನಾಲ್ಕು ವರ್ಷ ದುಡಿದ ನೆಲದಲ್ಲಿ ತಾನು ಬೇಡದವನಾದೆನೇ ಎಂಬ ಶಂಕೆ ಅವನ ಮನಸ್ಸನ್ನು ಹೊಕ್ಕಿದೆ. ಮನೆ ಕೊಳ್ಳುವ ಯೋಚನೆಯನ್ನು ಮುಂದೂಡಿದ್ದಾನೆ. ಒಂದು ಭಾನುವಾರ, ಎಲ್ಲ ಬಿಟ್ಟು ಊರಿಗೆ ಬಂದುಬಿಡಲೇ ಎಂದು ಕೇಳಿದ. ನೇರ ಉತ್ತರ ಕೊಡುವ ಧೈರ್ಯ ನನಗಾಗಲಿಲ್ಲ. ಬದಲಿಗೆ, ಬಾಲ್ಯದಲ್ಲಿ ಅವನನ್ನು ಕೈಹಿಡಿದು ಕರೆದೊಯ್ದು ತೋರಿಸಿದ್ದ ಮದರಸಾವನ್ನು ನೆನಪಿಸಿ, ಅದನ್ನು ಕಟ್ಟಿಸಿದ ಮಹಮೂದ್ ಗವಾನನ ವಿಷಯ ಎತ್ತಿದೆ. ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಪೂರ್ತಿಗೊಳಿಸುತ್ತಿದ್ದೇನೆ.

ಗವಾನನೂ ವಲಸಿಗನೇ. ಇರಾನಿನ ಗೀಲಾನ್ ಸೀಮೆಯಲ್ಲಿ 1411ರ ಸುಮಾರಿಗೆ ಹುಟ್ಟಿದವನು. ಮನೆತನ ಅಧಿಕಾರ ಕಂಡದ್ದು. ಸ್ವದೇಶದ ರಾಜಕೀಯ ಒಗ್ಗದೆ ಅವನು ವ್ಯಾಪಾರಿಯಾದ. 1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ದಾಭೋಳ ಬಂದರಿಗೆ ಇಳಿದು ಬೀದರಿಗೆ ಬಂದ. ಸರಕು ಮಾರುವುದು, ಇಲ್ಲಿದ್ದ ಸೂಫಿ ಸಂತರನ್ನು ಕಾಣುವುದು, ಇಷ್ಟೇ ಅವನ ಉದ್ದೇಶವಾಗಿತ್ತೆಂದು ಚರಿತ್ರಕಾರರು ಹೇಳುತ್ತಾರೆ. ಬಹಮನಿ ಸುಲ್ತಾನ ಎರಡನೆಯ ಅಲ್ಲಾವುದ್ದೀನ್ ಅಹಮದ್ ಅವನ ಯೋಗ್ಯತೆ ಗುರುತಿಸಿ ಆಸ್ಥಾನದಲ್ಲಿ ಉಳಿಸಿಕೊಂಡ. ಮುಂದೆ ಹುಮಾಯೂನ್ ಷಾ ಅವನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ದೊರೆ, ಎಂಬ ಬಿರುದಿತ್ತ. 1461ರಲ್ಲಿ ಎಂಟು ವರ್ಷದ ಬಾಲಕ ನಿಜಾಂ ಷಾ ಪಟ್ಟಕ್ಕೆ ಬಂದಾಗ ರಾಜ್ಯದ ಹೊಣೆ ಹೊತ್ತ ಮೂವರಲ್ಲಿ ರಾಜಮಾತೆಯ ಜೊತೆಗೆ ಗವಾನನೂ ಒಬ್ಬ. ಮೂರನೆಯ ಮುಹಮ್ಮದ್ ಷಾನ ಕಾಲದಲ್ಲಿ, 1466ರಿಂದ, ಅವನೇ ಪ್ರಧಾನಮಂತ್ರಿ. ಪರದೇಶದ ವರ್ತಕನೊಬ್ಬ ಹದಿಮೂರು ವರ್ಷಗಳಲ್ಲಿ ದಖ್ಖನಿನ ಅತಿ ದೊಡ್ಡ ರಾಜ್ಯದ ಆಡಳಿತ ಸೂತ್ರ ಹಿಡಿದ. ಇಂಥ ಏರಿಕೆಗೆ ಅವಕಾಶವಿತ್ತ ಊರು ನಮ್ಮ ಬೀದರ್ ಎಂದು ಹೆಮ್ಮೆಪಡಲು ಕಾರಣವಿದೆ.

ಅವನ ದಂಡಯಾತ್ರೆಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. 1472ರಲ್ಲಿ ಗೋವೆಯನ್ನು ಗೆದ್ದ, ಬೆಳಗಾವಿಯ ಕೋಟೆಯೂ ವಶವಾಯಿತು. ಆ ಕಾಲದ ಯುದ್ಧಗಳ ಕ್ರೌರ್ಯದಿಂದ ಅವನನ್ನು ಹೊರಗಿಟ್ಟು ನೋಡುವುದು ಪ್ರಾಮಾಣಿಕತೆಯಲ್ಲ. ಮೂರು ದಶಕಕ್ಕೂ ಮಿಕ್ಕಿ ಕಂದಾಯ ಆಡಳಿತದಲ್ಲಿ ಸವೆದ ನನ್ನಂಥವನನ್ನು ಸೆಳೆಯುವುದು ಅವನ ಕಡತಗಳ ಕೆಲಸ. ರಾಜ್ಯದಲ್ಲಿ ಗುಲ್ಬರ್ಗಾ, ದೌಲತಾಬಾದ್, ಬೇರಾರ್, ತೆಲಂಗಾಣ ಎಂಬ ನಾಲ್ಕು ತರಫುಗಳಿದ್ದವು. ಒಬ್ಬೊಬ್ಬ ತರಫ್‌ದಾರನೂ ಅರ್ಧ ರಾಜನೇ. ಗವಾನ್ ನಾಲ್ಕನ್ನು ಎಂಟಾಗಿ ಒಡೆದ. ತರಫ್‌ದಾರನ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ ಮಿಕ್ಕ ಕೋಟೆಗಳಿಗೆ ಕೇಂದ್ರದಿಂದ ಕಿಲ್ಲೇದಾರರನ್ನು ಕಳುಹಿಸಿದ. ಪ್ರತಿ ತರಫಿನಲ್ಲೂ ಕೆಲವು ಭೂಮಿಯನ್ನು ನೇರ ಖಜಾನೆಗೆ ಸೇರುವ ಖಾಲ್ಸಾ ಎಂದು ಘೋಷಿಸಿದ. ಭೂಮಿಯನ್ನು ಅಳತೆ ಮಾಡಿಸಿ, ಹಳ್ಳಿಗಳ ಎಲ್ಲೆ ಗುರುತಿಸಿ, ಕಂದಾಯ ನಿಗದಿಪಡಿಸುವ ಕ್ರಮ ತಂದ. ಸರದಾರರು ಪಡೆಯುವ ಹಣಕ್ಕೆ ತಕ್ಕಷ್ಟು ಸೈನಿಕರನ್ನು ಇಡದಿದ್ದರೆ ಅಷ್ಟಕ್ಕೆ ಕಡಿತ. ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿರುವ ಕೂಲಿಗಳಿಗೆ ಸಂಬಳ ಬಟವಾಡೆಯಾದುದನ್ನು ಸೇವಾವಧಿಯಲ್ಲಿ ಕಣ್ಣಾರೆ ಕಂಡ ನನಗೆ, ಈ ಒಂದು ಕಲಮು ಎಷ್ಟು ಜನರ ಹೊಟ್ಟೆ ಉರಿಸಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಅವನ ಖಾಸಗಿ ಬದುಕು ಇನ್ನೂ ಆಶ್ಚರ್ಯಕರ. ತನ್ನ ಊಟ ಬಟ್ಟೆಯ ಖರ್ಚಿಗೆ ರಾಜ್ಯದ ಹಣ ಮುಟ್ಟದೆ, ಮೊದಲಿನ ವ್ಯಾಪಾರದ ಬಂಡವಾಳದ ಲಾಭದಲ್ಲೇ ಬದುಕಿದನೆಂದೂ, ಮಣ್ಣಿನ ಪಾತ್ರೆಗಳಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದನೆಂದೂ ಫೆರಿಷ್ತಾ ದಾಖಲಿಸಿದ್ದಾನೆ. ಅದೇ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಟ್ಟಿಗೆ ಕಂಡು ಬರೆದಿಟ್ಟ. ಆ ವೈಭವದ ನಡುವೆ ಗವಾನನ ಚಾಪೆಯೂ ಒಂದು ಆಡಳಿತ ಕ್ರಮವೇ ಆಗಿದ್ದಿರಬೇಕು. 1472ರಲ್ಲಿ ಸಿದ್ಧವಾದ ಮದರಸಾ ಮೂರು ಅಂತಸ್ತಿನದು. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅಲ್ಲಿಯೇ ವಾಸ, ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ, ಗೋಡೆಯ ಮೇಲೆ ಇರಾನಿ ಶೈಲಿಯ ಬಣ್ಣದ ಹೆಂಚುಗಳು. ಔರಂಗಜೇಬನ ಕಾಲದಲ್ಲಿ ಸಂಭವಿಸಿದ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವ ಕುಸಿಯಿತು. ಉಳಿದ ಒಂದೇ ಮಿನಾರು ಇಂದಿಗೂ ದೂರದಿಂದ ಕಾಣುತ್ತದೆ.

ಇಷ್ಟಾದರೂ ಆಸ್ಥಾನದಲ್ಲಿ ಅವನು ಹೊರಗಿನವನಾಗಿಯೇ ಉಳಿದ. ಸಮುದ್ರದಾಚೆಯಿಂದ ಬಂದ ಆಫಾಕಿಗಳು ಒಂದು ಬಣ, ತಲೆಮಾರುಗಳಿಂದ ನೆಲೆಸಿದ್ದ ದಖ್ಖನಿಗಳು ಇನ್ನೊಂದು ಬಣ. ನಮ್ಮ ಅನ್ನ ಅವರ ಪಾಲಾಯಿತು ಎಂಬ ದಖ್ಖನಿಗಳ ದೂರಿನಲ್ಲಿ ಕೊಂಚ ನಿಜವೂ ಇತ್ತೆನ್ನಬೇಕು. ಗವಾನ್ ಎರಡು ಬಣಗಳ ನಡುವೆ ಹುದ್ದೆಗಳನ್ನು ತೂಗಿ ಹಂಚಿದ. ತೂಗಿದವನ ಮೇಲೆ ಇಬ್ಬರಿಗೂ ಗುಮಾನಿ. ತರಫುಗಳು ಒಡೆದಾಗ ಅಧಿಕಾರ ಕುಗ್ಗಿದ ಹಸನ್ ನಿಜಾಮ್-ಉಲ್-ಮುಲ್ಕ್‌ನ ಗುಂಪಿನವರು ಕೊನೆಗೆ ಒಳಸಂಚು ಹೂಡಿದರು. ಮುದ್ರೆಯ ಹೊಣೆ ಹೊತ್ತಿದ್ದ ಸೇವಕನನ್ನು ಅಮಲಿನಲ್ಲಿ ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿದರು. ಒಡಿಶಾದ ಅರಸನಿಗೆ ದಂಡೆತ್ತಿ ಬರಲು ಆಹ್ವಾನವಿತ್ತಂತೆ ಅದರ ಮೇಲೆ ಪತ್ರ ಸೃಷ್ಟಿಯಾಯಿತು. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬಿಡಾರದಲ್ಲಿ ಸುಲ್ತಾನ ಪತ್ರವನ್ನು ಮುಂದಿಟ್ಟು ಕೇಳಿದ. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದು ಗವಾನ್ ಹೇಳಿದ. ಪತ್ರ ಯಾರ ಕೈಯಿಂದ ಬಂತು, ಬರೆದವರು ಯಾರು ಎಂದು ವಿಚಾರಿಸುವವರು ಅಲ್ಲಿ ಒಬ್ಬರೂ ಇರಲಿಲ್ಲ. ಎಪ್ಪತ್ತರ ಮುದುಕನ ತಲೆ ಅಲ್ಲಿಯೇ ಉರುಳಿತು. ಸತ್ಯ ತಿಳಿದ ಸುಲ್ತಾನ ಕೊರಗಿ, ಒಂದು ವರ್ಷ ತುಂಬುವ ಮುನ್ನ ತೀರಿಕೊಂಡ. ಕೆಲವು ದಶಕಗಳಲ್ಲಿ ರಾಜ್ಯ ಬಿಜಾಪುರ, ಅಹಮದ್‌ನಗರ, ಬೇರಾರ್, ಬೀದರ್, ಗೋಲ್ಕೊಂಡ ಎಂದು ಐದು ಹೋಳಾಯಿತು.

ಈ ಖಾಲಿ ಕಾಗದದ ಪ್ರಕರಣ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎಳೆಯ ತಹಸೀಲ್ದಾರನಾಗಿದ್ದಾಗ, ಪ್ರವಾಸದ ಅವಸರದಲ್ಲಿ ನಾಲ್ಕು ಖಾಲಿ ಹಾಳೆಗಳಿಗೆ ಸಹಿ ಹಾಕಿ ಹೋಗಿದ್ದೆ. ಅವುಗಳಲ್ಲಿ ಒಂದು, ನಾನು ಕಂಡೇ ಇರದ ಜಮೀನಿನ ಮಂಜೂರಾತಿ ಆದೇಶವಾಗಿ ಹೊರಬಿತ್ತು. ಸಹಿ ನನ್ನದೇ, ಅಲ್ಲಗಳೆಯುವಂತಿರಲಿಲ್ಲ. ಇಲಾಖಾ ವಿಚಾರಣೆ ಹನ್ನೊಂದು ತಿಂಗಳು ನಡೆಯಿತು. ಬೆರಳಚ್ಚು ಯಂತ್ರದ ಅಕ್ಷರಗಳನ್ನು ಹೋಲಿಸಿದರು, ಆವಕ ಜಾವಕ ವಹಿಗಳನ್ನು ತರಿಸಿದರು. ನಾನು ನಿರ್ದೋಷಿ ಎಂದಾಯಿತು, ಅಜಾಗರೂಕತೆಗೆ ಛೀಮಾರಿಯೂ ಬಿತ್ತು. ಆ ಹನ್ನೊಂದು ತಿಂಗಳು ನಿದ್ದೆಗೆಟ್ಟು ವ್ಯವಸ್ಥೆಯನ್ನು ಬಹಳ ಶಪಿಸಿದ್ದೇನೆ. ಗವಾನನಿಗೆ ಹನ್ನೊಂದು ದಿನವೂ ಸಿಗಲಿಲ್ಲ ಎಂಬುದು ಹೊಳೆದದ್ದು ಬಹಳ ತಡವಾಗಿ.

ಅಮೆರಿಕದ ಬಗ್ಗೆ ನನಗಿರುವ ಆಶಾಭಾವಕ್ಕೆ ಆಧಾರ ಇಲ್ಲಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಅದರ ಷೇರುಪೇಟೆಯ ಏರಿಳಿತದಲ್ಲಿ ಭರವಸೆ ಹುಡುಕುವುದಿಲ್ಲ. 1933ರಲ್ಲಿ ಅಲ್ಲಿ ನಾಲ್ವರು ದುಡಿಮೆಗಾರರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. 1935ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ಬಂತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. 1946ರಲ್ಲಿ ಕಾಯ್ದೆ ಬದಲಾಗಿ ವರ್ಷಕ್ಕೆ ನೂರು ಭಾರತೀಯರಿಗೆ ಕಿಂಡಿ ತೆರೆಯಿತು, 1965ರಲ್ಲಿ ಬಾಗಿಲೇ ತೆರೆಯಿತು. ನನ್ನ ಮಗನಂಥವರು ಹೋದದ್ದು ಆ ಬಾಗಿಲಿನಿಂದ. 2020ರ ಚುನಾವಣೆಯ ಫಲಿತಾಂಶವನ್ನು ಪ್ರಶ್ನಿಸಿ ಹೂಡಿದ ಹತ್ತಾರು ದಾವೆಗಳು ಬಿದ್ದುಹೋದವು. ಅವುಗಳಲ್ಲಿ ಕೆಲವನ್ನು ತಳ್ಳಿಹಾಕಿದವರು ಸೋತ ಅಧ್ಯಕ್ಷರೇ ನೇಮಿಸಿದ್ದ ನ್ಯಾಯಾಧೀಶರು. ಮುಂದಿಟ್ಟ ಕಾಗದವನ್ನು ತಿರುಗಿಸಿ ನೋಡುವ ಪದ್ಧತಿ ಆ ದೇಶದಲ್ಲಿ ಬೇರೂರಿದೆ. 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದ ಗುಂಪನ್ನು ಟಿ.ವಿ.ಯಲ್ಲಿ ಕಂಡು ನಾನೂ ಕಂಗೆಟ್ಟಿದ್ದೆ. ಅದೇ ರಾತ್ರಿ ಸದಸ್ಯರು ಮತ್ತೆ ಸೇರಿ ಬೆಳಗಿನ ಜಾವದವರೆಗೆ ಕೂತು ಮತಗಳ ಎಣಿಕೆ ಮುಗಿಸಿದರು.

ಮಗ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಅವನು ಬೆರಳಿಟ್ಟು ತೋರಿಸಿದ ಲೆಕ್ಕ ಸರಿಯಾದದ್ದೇ: 1923ರ ತೀರ್ಪಿನಿಂದ 1965ರ ಕಾಯ್ದೆಗೆ ನಲವತ್ತೆರಡು ವರ್ಷ. ಒಬ್ಬ ಮನುಷ್ಯ ದುಡಿಯುವ ಆಯುಸ್ಸು ಅಷ್ಟರಲ್ಲಿ ತೀರುತ್ತದೆ. ವಿಚಾರಣೆಯ ಪದ್ಧತಿ ಇದ್ದ ಮಾತ್ರಕ್ಕೆ ಅದು ಇಂದು ಬಾಗಿಲಲ್ಲಿ ನಿಂತವನ ಪಾಲಿಗೆ ಸಕಾಲದಲ್ಲಿ ಒದಗುತ್ತದೆಂದು ನಾನು ಹೇಗೆ ಭರವಸೆ ಕೊಡಲಿ? ಸಂಸ್ಥೆಗಳಿಗೂ ಮುಪ್ಪಿದೆ, ಅವುಗಳನ್ನು ಒಳಗಿನಿಂದ ಟೊಳ್ಳು ಮಾಡುವವರೂ ಇದ್ದಾರೆ. ದಖ್ಖನಿಗಳ ದೂರಿನಲ್ಲಿ ಕೊಂಚ ನಿಜವಿದ್ದಂತೆ, ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ಅಮೆರಿಕನ್ನನ ದೂರಿನಲ್ಲೂ ನಿಜವಿದೆ ಎಂದು ನಾನೆಂದಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದ. ಇತ್ತ ನಮ್ಮ ಕೊಳಾರದ ಕೈಗಾರಿಕಾ ಪ್ರದೇಶಕ್ಕೂ ಹೊರರಾಜ್ಯದ ಕಾರ್ಮಿಕರು ಬರುತ್ತಾರೆ, ಸ್ಥಳೀಯರಿಗೆ ಕೆಲಸವಿಲ್ಲ ಎಂಬ ಗೊಣಗಾಟ ಚಹಾದಂಗಡಿಯಲ್ಲಿ ನನ್ನ ಕಿವಿಗೂ ಬೀಳುತ್ತದೆ. ಕೆಲವೊಮ್ಮೆ ನಾನೂ ತಲೆಯಾಡಿಸಿದ್ದುಂಟು.

ಕಳೆದ ವಾರ ಬೀದರಿನ ಹೊರವಲಯದ ಗೋರನಳ್ಳಿಗೆ ಹೋಗಿದ್ದೆ. ಕೊಂಡಪಲ್ಲಿಯಿಂದ ತಂದ ಗವಾನನ ದೇಹವನ್ನು ಮಣ್ಣು ಮಾಡಿದ್ದು ಅಲ್ಲಿ. ಅಷ್ಟೂರಿನ ಸುಲ್ತಾನರ ಗುಮ್ಮಟಗಳ ಮುಂದೆ ಅದು ತೀರ ಸಾಧಾರಣ ಸಮಾಧಿ. ಫೋಟೊ ತೆಗೆದು ಮಗನಿಗೆ ಕಳುಹಿಸಿದೆ. ಮನೆಯ ಸಾಲಕ್ಕೆ ಮತ್ತೆ ಅರ್ಜಿ ಹಾಕುವುದೋ ಬೇಡವೋ ಎಂದು ಸೊಸೆಯೊಡನೆ ಮಾತಾಡಿ ಮುಂದಿನ ಭಾನುವಾರ ತಿಳಿಸುತ್ತೇನೆಂದು ಉತ್ತರ ಬಂದಿದೆ.