ಸಂತ ಶಿಶುನಾಳ ಶರೀಫರು

ನಮ್ಮೂರು ಹೂಗ್ಯಂ, ಹನೂರು ತಾಲ್ಲೂಕಿನ ಕಾಡಿನಂಚಿನ ಹಳ್ಳಿ. ನಮ್ಮ ತಾತನಿಗೆ ಅಕ್ಷರ ಬಾರದು. ಆದರೆ ಕಂಸಾಳೆ ಹಿಡಿದು ನಿಂತನೆಂದರೆ ಬೆಳಗಿನವರೆಗೂ ಮಾದಪ್ಪನ ಕಥೆ ಹಾಡಬಲ್ಲನು. ಕಾಲೇಜಿಗೆ ಸೇರಿದ ವರ್ಷ ಗೆಳೆಯರು ಮನೆಯವರ ವಿಚಾರ ಕೇಳಿದಾಗ, ತಾತ ಬೇಸಾಯಗಾರನೆಂದಷ್ಟೇ ಹೇಳಿ ಸುಮ್ಮನಾದೆನು. ಹಾಡುವವನೆಂದು ಹೇಳಲು ನಾಚಿಕೆಯಾಯಿತು. ಆ ನಾಚಿಕೆಯನ್ನು ಬಿಡಿಸಿದ ಮಹನೀಯರೊಬ್ಬರ ಜೀವನವನ್ನು ಸಂಗ್ರಹವಾಗಿ ಬರೆಯುವುದೇ ಈ ಲೇಖನದ ಉದ್ದೇಶ.

ಶರೀಫ ಸಾಹೇಬರು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಜನಿಸಿದರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಪೇಶ್ವೆಗಳ ಆಳ್ವಿಕೆ ಮುಗಿದು ಆ ಸೀಮೆಯು ಆಗತಾನೆ ಇಂಗ್ಲಿಷರ ಕೈಸೇರಿತ್ತು. ಬಾಲಕನು ಕನ್ನಡ ಶಾಲೆಯಲ್ಲಿ ಓದಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಕೆಲವು ಕಾಲ ಶಾಲಾ ಮಾಸ್ತರನೂ ಆದನು. ಆ ಕಾಲದಲ್ಲಿ ಹಳ್ಳಿಯ ಹುಡುಗನಿಗೆ ಅದೇನು ಸಣ್ಣ ಪದವಿಯೆ? ಆದರೂ ಶರೀಫರು ಆ ಕೆಲಸದಲ್ಲಿ ನಿಲ್ಲಲಿಲ್ಲ. ಅವರ ಮನಸ್ಸು ಗುರುವನ್ನು ಅರಸುತ್ತಿತ್ತು.

ಆ ಗುರು ಕಳಸದ ಗೋವಿಂದಭಟ್ಟರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ! ಎರಡು ಕಡೆಯವರೂ ಆಕ್ಷೇಪಿಸಿದರು. ಭಟ್ಟರು ತಮ್ಮ ಜನಿವಾರವನ್ನೇ ಶಿಷ್ಯನ ಕೊರಳಿಗೆ ಹಾಕಿದರೆಂದು ಜನರು ಇಂದಿಗೂ ಹೇಳುತ್ತಾರೆ. ಯಾರು ಏನೆಂದರೂ ಗುರು ಶಿಷ್ಯನನ್ನು ಬಿಡಲಿಲ್ಲ, ಶಿಷ್ಯನು ಗುರುವನ್ನು ಬಿಡಲಿಲ್ಲ.

ಶರೀಫರ ಸಂಸಾರಸುಖ ಬಹುಕಾಲ ಉಳಿಯಲಿಲ್ಲ. ಪತ್ನಿ ಫಾತಿಮಾ ತೀರಿಕೊಂಡಳು. ಆ ದುಃಖವೂ ಪದವಾಗಿ ಹೊರಬಂದಿತು. ಕಂಡದ್ದೆಲ್ಲವೂ ಅವರಿಗೆ ಹಾಡಿನ ವಸ್ತುವೇ. ಸೋರುವ ಮಾಳಿಗೆಯಲ್ಲಿ ಅವರು ಮನುಷ್ಯನ ಅಜ್ಞಾನವನ್ನು ಕಂಡರು. ಕೋತಿಯನ್ನು ನುಂಗುವ ಕೋಳಿಯನ್ನು ಹಾಡಿ ಕೇಳುವವರನ್ನು ಚಿಂತೆಗೆ ಹಚ್ಚಿದರು. ಮುದುಕಿಗೆ ಬೀಳದಂತೆ ಎಚ್ಚರಿಸಿದರು. ಹೊಸದಾಗಿ ಬಂದ ಗಿರಣಿಯನ್ನೂ ಬಿಡಲಿಲ್ಲ. ತಮ್ಮೂರಿನ ದೇವರ ಹೆಸರಾದ ಶಿಶುನಾಳಾಧೀಶ ಎಂಬುದನ್ನೇ ಅಂಕಿತವಾಗಿಟ್ಟುಕೊಂಡರು. ಓದು ಬಲ್ಲವರಾದರೂ ಊರಿನ ಆಡುಮಾತನ್ನು ತಿದ್ದಿ ಪುಸ್ತಕದ ಮಾತನ್ನಾಗಿಸಲಿಲ್ಲ. ಅವರ ಹಿರಿಮೆಯೆಲ್ಲ ಇದರಲ್ಲಿದೆಯೆಂದು ನನ್ನ ಭಾವನೆ.

1889ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವರು ಕಾಲವಾದರು. ಶಿಶುನಾಳದ ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಅವರ ಪದಗಳು ಮೊದಲು ಉಳಿದುದು ಜನರ ಬಾಯಲ್ಲಿ, ಭಜನೆಯ ಮೇಳಗಳಲ್ಲಿ. ಅವುಗಳನ್ನು ಸಂಗ್ರಹಿಸಿ ಅಚ್ಚುಮಾಡಿದವರು ಅನಂತರದವರು. ಸಿ. ಅಶ್ವಥ್ ಅವರು ಆ ಪದಗಳಿಗೆ ರಾಗ ಕೂಡಿಸಿ ಹಾಡಿದರು. 1990ರಲ್ಲಿ ಟಿ. ಎಸ್. ನಾಗಾಭರಣರು ಶರೀಫರ ಜೀವನವನ್ನು ಚಲನಚಿತ್ರವಾಗಿಸಿದರು. ಶ್ರೀಧರ್ ಶರೀಫರಾಗಿಯೂ ಗಿರೀಶ್ ಕಾರ್ನಾಡರು ಗೋವಿಂದಭಟ್ಟರಾಗಿಯೂ ಅಭಿನಯಿಸಿದರು. ಹೀಗೆ ಧಾರವಾಡದ ಕಡೆಯ ಹಾಡು ಕಾವೇರಿಯ ಕಡೆಯ ನಮ್ಮ ಹಳ್ಳಿಗಳನ್ನೂ ಮುಟ್ಟಿತು.

ವಾಚಕರೇ, ಬಾಯಿಂದ ಬಾಯಿಗೆ ಬರುವ ಹಾಡು ಒಂದು ತಲೆಮಾರು ಸುಮ್ಮನಾದರೆ ಮುಗಿದುಹೋಗುತ್ತದೆ. ನಮ್ಮ ಮನೆಯಲ್ಲಿ ಆ ತಲೆಮಾರು ನಾನೇ. ಕಳೆದ ರಜೆಯಲ್ಲಿ ತಾತನು ಹಾಡುತ್ತಿದ್ದವನು ನಡುವೆ ತಡೆದನು. ಮುಂದಿನ ಸೊಲ್ಲು ನೆನಪಾಗಲಿಲ್ಲ. ನನ್ನ ಮುಖ ನೋಡಿದನು. ಪದವಿಯ ಮೂರನೆಯ ವರ್ಷದಲ್ಲಿರುವ ನನಗೂ ಅದು ತಿಳಿದಿರಲಿಲ್ಲ. ಮನೆಯಲ್ಲಿ ಮೊದಲು ಅಕ್ಷರ ಕಲಿತವನು ನಾನು. ಆ ಅಕ್ಷರದಿಂದ ತಾತನಿಗೆ ಇದುವರೆಗೆ ಏನು ಉಪಕಾರವಾಗಿದೆ?

ಪರೀಕ್ಷೆ ಮುಗಿದೊಡನೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ಕೊಂಡು ಊರಿಗೆ ಹೋಗುವೆನು. ತಾತನು ಹೇಳುವನು, ನಾನು ಬರೆದುಕೊಳ್ಳುವೆನು. ಅವನ ಮಾತನ್ನು ಮಾತ್ರ ತಿದ್ದುವುದಿಲ್ಲ.